ಬಳೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಭಾನುವಾರದ ಮಾತ್ರೆ

ನಿಮ್ಮ ಪತ್ರದ ಬಹುಪಾಲು ಅತ್ತೆಯ ಮೇಲಿನ ದೂರು. ಐದಕ್ಕೇ ಎದ್ದು ಬಾಗಿಲಿಗೆ ನೀರು ಹಾಕುವ ಅವರು, ಏಳೂವರೆಯಾದರೂ ಬೆರಳು ಮಡಚಲಾಗದೆ ಹಾಸಿಗೆಯಲ್ಲೇ ಕೂತ ನಿಮ್ಮನ್ನು ಮೈಗಳ್ಳಿ ಅನ್ನುತ್ತಾರೆ. ಬೆಳಗ್ಗೆ ಮುದ್ದೆ ಕೋಲು ಹಿಡಿಯಲಾಗದವಳು ಸಂಜೆ ಮಲ್ಲಿಗೆ ಹೇಗೆ ಕಟ್ಟುತ್ತಾಳೆ ಎಂದು ಪಕ್ಕದ ಮನೆಯವರ ಮುಂದೆ ಕೇಳುತ್ತಾರೆ. ನಿಮಗೆ 27 ವರ್ಷ. ಕೀಲುಗಳನ್ನು ಬಾಧಿಸುವ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕಾಯಿಲೆ ಶುರುವಾಗಿ ನಾಲ್ಕು ವರ್ಷ, ಮದುವೆಯಾಗಿ ಹನ್ನೊಂದು ತಿಂಗಳು. ಗಂಡನಿಗಾಗಲಿ ಅತ್ತೆಗಾಗಲಿ ಕಾಯಿಲೆಯ ವಿಷಯ ಗೊತ್ತಿಲ್ಲ. ಬೇರೆ ಮನೆ ಮಾಡೋಣ ಎಂದು ಗಂಡನನ್ನು ಕೇಳಲೇ ಎಂಬುದು ನಿಮ್ಮ ಪ್ರಶ್ನೆ.

ಆ ಪ್ರಶ್ನೆ ಹಾಗಿರಲಿ. ಎರಡನೇ ಪುಟದ ಕೊನೆಯಲ್ಲಿ ನೀವು ಹೀಗೊಂದು ಮಾತು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: 'ಕೀಲಿಗೆ ಕೊಟ್ಟ ಭಾನುವಾರದ ಮಾತ್ರೆ ಮೆಥೊಟ್ರೆಕ್ಸೇಟನ್ನು ಬಳೆ ಪೆಟ್ಟಿಗೆಯಲ್ಲಿಟ್ಟು ಯಾರೂ ಇಲ್ಲದಾಗ ನುಂಗುತ್ತೇನೆ. ಯುಗಾದಿಯಿಂದ ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. ಜೊತೆಗೆ ಫೋಲಿಕ್ ಆಸಿಡ್ ಕೊಟ್ಟಿದ್ದಾರೆ, ಅದನ್ನು ಬಸುರಿಯರಿಗೂ ಕೊಡುತ್ತಾರಲ್ಲ, ತೊಂದರೆ ಇರಲಾರದು.'

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಗಲೇ ಎದ್ದು ನಿಮ್ಮ ಇಮೇಲ್‌ಗೆ ನಾಲ್ಕು ಸಾಲು ಕಳುಹಿಸಿದೆ. ನಿಮ್ಮ ಹಾಗೆ ಕದ್ದು ಮಾತ್ರೆ ನುಂಗುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ, ಅವರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ತೊಂದರೆ ಇದೆ ತಾಯಿ, ದೊಡ್ಡದೇ ಇದೆ. ನಿಮ್ಮ ಕೀಲುಗಳನ್ನು ಕಾಯುತ್ತಿರುವ ಆ ಮಾತ್ರೆ ಹೊಟ್ಟೆಯೊಳಗಿನ ಕೂಸಿಗೆ ಅಪಾಯಕಾರಿ. ಗರ್ಭಪಾತ ಆಗಬಹುದು, ಮಗುವಿನ ತಲೆಬುರುಡೆ, ಮುಖ, ಕೈಕಾಲುಗಳಲ್ಲಿ ಊನ ಕಾಣಿಸಬಹುದು. ಫೋಲಿಕ್ ಆಸಿಡ್ ಕೊಟ್ಟಿರುವುದು ನಿಮ್ಮ ಬಾಯಿಹುಣ್ಣು, ವಾಕರಿಕೆ ಕಡಿಮೆಯಾಗಲೆಂದು. ಅದು ಮಗುವನ್ನು ಈ ಅಪಾಯದಿಂದ ಕಾಯುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಮಗು ಬೇಕೆನ್ನುವವರಿಗೆ ವೈದ್ಯರು ಮೆಥೊಟ್ರೆಕ್ಸೇಟ್ ನಿಲ್ಲಿಸಿ, ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಕಾಯಲು ಹೇಳುತ್ತಾರೆ. ಆ ಹೊತ್ತಿಗೆ ಗರ್ಭಿಣಿಯರಿಗೂ ಕೊಡಬಹುದಾದ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜೀನ್‌ನಂಥ ಔಷಧಿಗೆ ಬದಲಿಸುತ್ತಾರೆ. ದಾರಿ ಇದೆ. ಆದರೆ ಮಗುವಿನ ಯೋಚನೆ ಇದೆ ಎಂದು ಅವರಿಗೆ ಗೊತ್ತಾಗಬೇಕಲ್ಲ!

'ಮಕ್ಕಳ ಯೋಚನೆ ಇದ್ದರೆ ಮೊದಲೇ ಹೇಳಿ ಎಂದು ಡಾಕ್ಟರು ಹೇಳಿದ್ದರು, ಅಮ್ಮ ಪಕ್ಕದಲ್ಲಿದ್ದರು, ತಲೆಯಾಡಿಸಿ ಬಂದೆ' ಎಂದಿದ್ದೀರಿ. ನನ್ನ ಸಿಟ್ಟೆಲ್ಲ ಈ ಅಮ್ಮನ ಮೇಲೆ. ಮದುವೆಗೆ ಮುಂಚೆ 'ಈಗ ಬಾಯಿ ಬಿಡಬೇಡ, ಒಂದು ಮಗುವಾದ ಮೇಲೆ ಹೇಳಿದರಾಯ್ತು' ಎಂದವರು ಅವರು. ಈಗಲೂ ಕೊಬ್ಬರಿ ಚೀಲದೊಳಗೆ ಮಾತ್ರೆ ಸುತ್ತಿ ಕಳುಹಿಸುವವರೂ ಅವರೇ. ತವರಿಗೆ ಹೋದಾಗ ಮಾತ್ರ ರಕ್ತಪರೀಕ್ಷೆ, ಅದೂ ಮದುವೆಯಾದ ಮೇಲೆ ಒಂದೇ ಸಲ. ಈ ಔಷಧಿ ತೆಗೆದುಕೊಳ್ಳುವವರು ಆಗಾಗ ರಕ್ತಕಣ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮಗಳ ಸಂಸಾರ ನಿಲ್ಲಲಿ ಎಂಬ ಆಸೆಯಲ್ಲಿ ನಿಮ್ಮ ತಾಯಿ ಮಗಳ ಜೀವವನ್ನೇ ಪಣಕ್ಕಿಟ್ಟಿದ್ದಾರೆ. ಜಾತಕ ಕೊಟ್ಟ ದಿನವೇ ರಕ್ತದ ವರದಿಯನ್ನೂ ಕೊಡಿ ಎಂದು ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ.

ಇನ್ನು ಅತ್ತೆ. ನಾಲ್ಕು ಜನರ ಮುಂದೆ ಸೊಸೆಯನ್ನು ಹಂಗಿಸಿದ್ದು ತಪ್ಪೇ. ಆದರೆ ಅವರ ಕಣ್ಣಿಗೆ ಬೀಳುವುದು ಏನು? ಬೆಳಗ್ಗೆ ಕುಕ್ಕರ್ ಮುಚ್ಚಳ ತೆಗೆಯಲಾರದ, ಸಂಜೆ ಸಲೀಸಾಗಿ ಹೂ ಕಟ್ಟುವ ಹುಡುಗಿ. ಈ ಕಾಯಿಲೆಯ ಸ್ವಭಾವವೇ ಅದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಕೀಲಿನ ಒಳಪೊರೆಯ ಮೇಲೇ ತಿರುಗಿಬೀಳುತ್ತದೆ. ರಾತ್ರಿಯೆಲ್ಲ ಅಲುಗಾಡದ ಕೀಲು ಬೆಳಗ್ಗೆ ಬಿಗಿದುಕೊಳ್ಳುತ್ತದೆ, ಒಂದು ಗಂಟೆ, ಎರಡು ಗಂಟೆ ಕಳೆದು ಓಡಾಡಿದ ಮೇಲೆ ಸಡಿಲವಾಗುತ್ತದೆ. ನೋವಿನ ಜೊತೆ, ನಿದ್ದೆ ಮಾಡಿದರೂ ಹೋಗದ ಸುಸ್ತು ಬೇರೆ. ಯಾರೂ ಹೇಳದೆ ಇದು ಅವರಿಗೆ ಹೇಗೆ ತಿಳಿಯಬೇಕು? ಕೀಲುನೋವು ಮುದುಕರಿಗೆ ಬರುವುದು ಎಂದೇ ನಮ್ಮ ಜನ ತಿಳಿದಿದ್ದಾರೆ.

ನನ್ನ ಚಿಕ್ಕಮ್ಮನಿಗೂ ಇದೇ ಇತ್ತು. ವಾತ ಎಂದು ಎಣ್ಣೆ ತಿಕ್ಕಿದ್ದೇ ಬಂತು. ನಲವತ್ತು ತುಂಬುವುದರೊಳಗೆ ಅವಳ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು, ಸೀರೆಯ ನೆರಿಗೆಯನ್ನು ನಾವು ಹಿಡಿದುಕೊಡಬೇಕಿತ್ತು. ನಿಮ್ಮ ಬೆರಳು ಇನ್ನೂ ನೆಟ್ಟಗಿವೆ ಎಂದಿದ್ದೀರಿ. ಆದ್ದರಿಂದ ಇದನ್ನೆಲ್ಲ ಓದಿ ಹೆದರಿ, ವೈದ್ಯರ ಹತ್ತಿರ ಹೋಗದೆ, ಇರುವ ಮಾತ್ರೆಯನ್ನೆಲ್ಲ ಹಿತ್ತಿಲಿಗೆ ಎಸೆದು ಸುಮ್ಮನಾಗಬೇಡಿ.

ಬಸುರಾದರೆ ಕಾಯಿಲೆ ಕೆರಳುತ್ತದೇನೋ ಎಂಬ ಭಯವೂ ನಿಮಗಿದೆ. ಎಷ್ಟೋ ಹೆಂಗಸರಿಗೆ ಆ ತಿಂಗಳುಗಳಲ್ಲಿ ನೋವು ತಗ್ಗುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್ ಇದನ್ನು ಗಮನಿಸಿ, ಮೈಯೊಳಗೇ ಯಾವುದೋ ವಸ್ತು ನೋವಿಳಿಸುತ್ತಿರಬೇಕು ಎಂದು ಹುಡುಕಿ ಹೊರಟರು. 1948ರಲ್ಲಿ ಈ ರೋಗಿಗಳಿಗೆ ನೋವಿಳಿಸುವ ಕಾರ್ಟಿಸೋನ್ ಎಂಬ ಹಾರ್ಮೋನ್ ಸಿಕ್ಕಿದ್ದು ಆ ಹುಡುಕಾಟದಿಂದ. 1950ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಹೆರಿಗೆಯ ನಂತರ ನೋವು ಮರಳುವುದು ಸಾಮಾನ್ಯ. ಆಗ ಕೂಸನ್ನು ಎತ್ತಿಕೊಳ್ಳಲು ಇನ್ನೆರಡು ಕೈ ಬೇಕಾಗುತ್ತವೆ, ಅತ್ತೆಯವು ಗಟ್ಟಿಯಾಗಿವೆ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಹಾಗಾಗಿ ಬೇರೆ ಮನೆಯ ಮಾತು ಈಗ ಎತ್ತಬೇಡಿ. ಅಲ್ಲಿಗೆ ಹೋದರೂ ಬಳೆ ಪೆಟ್ಟಿಗೆ ಜೊತೆಗೇ ಬರುತ್ತದೆ.

ನಾನು ಹೇಳುವುದು ಒಂದೇ ಕೆಲಸ. ಈ ಶನಿವಾರ ರಾತ್ರಿ ಗಂಡನನ್ನು ಕೂರಿಸಿಕೊಂಡು, ಬಳೆ ಪೆಟ್ಟಿಗೆ ಅವರ ಮುಂದಿಟ್ಟು ಹೇಳಿ: 'ನನಗೆ ನಾಲ್ಕು ವರ್ಷದಿಂದ ಈ ಕಾಯಿಲೆ ಇದೆ. ಹೆದರಿಕೊಂಡು ಮುಚ್ಚಿಟ್ಟೆ. ಈ ಮಾತ್ರೆ ತೆಗೆದುಕೊಳ್ಳುವಾಗ ಮಗು ಆಗಬಾರದು. ನನ್ನ ಜೊತೆ ಡಾಕ್ಟರ ಹತ್ತಿರ ಬನ್ನಿ.' ಅವರು ಮುನಿಸಿಕೊಳ್ಳಬಹುದು, ಎರಡು ದಿನ ಮಾತು ಬಿಡಬಹುದು. ಮುನಿಸಿಕೊಳ್ಳಲಿ, ಅವರಿಗೆ ಆ ಹಕ್ಕಿದೆ. ಅತ್ತೆಗೆ ಅವರೇ ಹೇಳಲಿ, ಮಗನ ಬಾಯಿಂದ ಬಂದರೆ ಆ ಮಾತಿನ ತೂಕವೇ ಬೇರೆ. ಮಾರನೇ ದಿನದಿಂದ ಮುದ್ದೆ ಕೋಲನ್ನೂ ಅವರೇ ಹಿಡಿಯಲಿ, ಗಂಡಸರ ತೋಳಿಗೆ ಅದೇನೂ ಭಾರವಲ್ಲ.

ವೈದ್ಯರನ್ನು ಕಾಣುವವರೆಗೆ ಕಾಂಡೋಮ್ ಇಲ್ಲದೆ ಸೇರಬೇಡಿ. ಭಾನುವಾರದ ಮಾತ್ರೆಗೆ ಮುಂಚೆ ಮೆಡಿಕಲ್ ಶಾಪ್‌ನಿಂದ ಗರ್ಭ ಪರೀಕ್ಷೆಯ ಕಿಟ್ ತರಿಸಿ ನೋಡಿಕೊಳ್ಳಿ. ಎರಡು ಗೆರೆ ಕಂಡರೆ, ಅಥವಾ ಮುಟ್ಟು ಒಂದು ದಿನ ತಡವಾಗಿದ್ದರೂ, ಮಾತ್ರೆ ನುಂಗದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಳ್ಳಿ, ಅಮ್ಮನ ಮನೆಯಲ್ಲಿರುವವನ್ನೂ ತರಿಸಿಕೊಳ್ಳಿ. ಈ ಸಲ ಅಮ್ಮ ಹೊರಗೆ ಬೆಂಚಿನ ಮೇಲೆ ಕೂರಲಿ.