ದನದ ಕಣ್ಣಿನ ಬಿಳಿ, ನಾಯಿಯ ತಗ್ಗಿದ ತಲೆ

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮ ಅಡಕೆ ತೋಟ. ಹಟ್ಟಿಯಲ್ಲಿ ಎರಡು ಕಾಸರಗೋಡು ಗಿಡ್ಡ ದನಗಳಿವೆ. ಕಳೆದ ತಿಂಗಳು ಎಂಟು ತಿಂಗಳ ಹೋರಿಕರುವನ್ನು ಸಂಬಂಧಿಕರ ಮನೆಗೆ ಕೊಟ್ಟೆವು. ಪಿಕಪ್ ಹೋದ ದಾರಿಯ ಕಡೆ ಮುಖ ಮಾಡಿ ತಾಯಿದನ ಮೂರು ದಿನ ಕೂಗಿತು. ಅಕ್ಕಚ್ಚು ಇಟ್ಟರೂ ಮೂಸಿ ಬಿಟ್ಟಿತು. ದನ ಕಣ್ಣೀರು ಹಾಕಿದ್ದನ್ನು ಕಂಡೆ ಎಂದು ಅಮ್ಮ ಹೇಳುತ್ತಾರೆ. "ಅಜ್ಜಿ, ಅದು ಬರೀ ಹಾರ್ಮೋನು, ದನಕ್ಕೆ ದುಃಖ ಅಂತ ಏನೂ ಇಲ್ಲ" ಎಂದು ಕಾಲೇಜಿಗೆ ಹೋಗುವ ಮಗ ವಾದಿಸುತ್ತಾನೆ. ಯಾರು ಸರಿ?

ಉತ್ತರ: ಅಮ್ಮನೇ ಹೆಚ್ಚು ಸರಿ. ಅವರು ನೋಡಿದ್ದು ಕಣ್ಣನ್ನು, ಅದು ಸರಿಯಾದ ಜಾಗ. ಆದರೆ ನೋಡಬೇಕಾದದ್ದು ನೀರನ್ನಲ್ಲ, ಬಿಳಿಯನ್ನು.

ದನದ ಕಣ್ಣಲ್ಲಿ ನೀರು ಹೊಗೆಗೂ ಬರುತ್ತದೆ, ನೊಣಕ್ಕೂ ಬರುತ್ತದೆ, ಕಣ್ಣಿನ ಬೇನೆಗೂ ಬರುತ್ತದೆ. ಅದನ್ನೇ ಅಳು ಎನ್ನಲು ಆಧಾರ ಸಾಲದು. ನಾರ್ವೆಯ ಸಂಶೋಧಕರು ಕರುವಿನಿಂದ ಬೇರೆ ಮಾಡಿದ ದನಗಳ ಕಣ್ಣನ್ನು ಚಿತ್ರೀಕರಿಸಿ, ಕಪ್ಪು ಗುಡ್ಡೆಯ ಸುತ್ತ ಕಾಣುವ ಬಿಳಿ ಭಾಗ ಎಷ್ಟು ಎಂದು ಅಳೆದರು. ಕರು ದೂರವಾದಾಗ ಬಿಳಿ ಹೆಚ್ಚು ಕಂಡಿತು, ಮರಳಿ ಹತ್ತಿರ ಬಂದಾಗ ಕಡಿಮೆಯಾಯಿತು. ಹಸಿದ ದನಕ್ಕೆ ಮೇವು ತೋರಿಸಿ ಕೊಡದೆ ಸತಾಯಿಸಿದಾಗಲೂ ಹೀಗೇ ಆಗುತ್ತದೆ. ನಾಳೆ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ನಿಮ್ಮ ದನದ ಕಣ್ಣನ್ನು ಒಮ್ಮೆ ನಿಧಾನವಾಗಿ ನೋಡಿ. ನೆಮ್ಮದಿಯಲ್ಲಿರುವ ದನದ ಕಣ್ಣಲ್ಲಿ ಬಿಳಿ ಹೆಚ್ಚು ಕಾಣದು. ಅದು ಮನಸ್ಸಿನಲ್ಲಿದ್ದರೆ ಬದಲಾವಣೆ ಬಂದಾಗ ತಾನಾಗಿ ಗೊತ್ತಾಗುತ್ತದೆ.

ಕೂಗಿನ ವಿಷಯವೂ ಹೀಗೆಯೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ತಾಯಿ-ಕರುಗಳ ಧ್ವನಿಯನ್ನು ತಿಂಗಳುಗಟ್ಟಲೆ ದಾಖಲಿಸಿ 2015ರಲ್ಲಿ ಪ್ರಕಟಿಸಿದರು. ಕರು ಪಕ್ಕದಲ್ಲಿದ್ದಾಗ ತಾಯಿ ಬಾಯಿ ಮುಚ್ಚಿ ಗಂಟಲಲ್ಲೇ ಸಣ್ಣಗೆ ಗುನುಗುತ್ತದೆ. ಕರು ಕಣ್ಣಿಗೆ ಬೀಳದಿದ್ದರೆ ಬಾಯಿ ತೆರೆದು ಏರು ಸ್ವರದಲ್ಲಿ ಕೂಗುತ್ತದೆ. ಒಂದು ದನದ ಕೂಗು ಇನ್ನೊಂದರಂತಿಲ್ಲ ಎಂಬುದನ್ನೂ ಅವರು ತೋರಿಸಿದರು. ಹಟ್ಟಿಯಲ್ಲಿ ಬೆಳೆದವರಿಗೆ ಇದು ಹೊಸ ಸುದ್ದಿಯಲ್ಲ. ಅಡುಗೆಮನೆಯಲ್ಲಿದ್ದುಕೊಂಡೇ ಯಾವ ದನ ಕೂಗಿತು, ಬಾಯಾರಿಕೆಗೋ ಕರುವಿಗೋ ಎಂದು ಹೇಳುವ ಅಜ್ಜಿಯರನ್ನು ಬದಿಯಡ್ಕ, ಪೆರ್ಲ, ಮುಳ್ಳೇರಿಯಾದ ಮನೆಗಳಲ್ಲಿ ಪಶುವೈದ್ಯನಾಗಿ ನಾನು ಎಷ್ಟೋ ಸಲ ಕಂಡಿದ್ದೇನೆ. ರೋಗ ಪತ್ತೆಗೆ ಅವರ ಮಾತು ನನಗೆ ಥರ್ಮಾಮೀಟರಿನಷ್ಟೇ ನೆರವಾಗಿದೆ.

ಇನ್ನು ಮಗನ ಮಾತು. ಹಾರ್ಮೋನು ಎನ್ನುವುದು ಸುಳ್ಳಲ್ಲ. ಕರು ಹಾಕುವಾಗ ದನದ ಮೈಯಲ್ಲಿ ಆಕ್ಸಿಟೋಸಿನ್ ಏರುತ್ತದೆ. ಆ ಹೊತ್ತಿಗೆ ಐದು ನಿಮಿಷ ಕರುವನ್ನು ನೆಕ್ಕಿದರೆ ಸಾಕು, ಇದು ನನ್ನದು ಎಂಬ ಗುರುತು ಅದರಲ್ಲಿ ಕೂತುಬಿಡುತ್ತದೆ. ಆದರೆ ಹೆರಿಗೆಯಾದ ನಮ್ಮ ಹೆಣ್ಣುಮಕ್ಕಳ ಮೈಯಲ್ಲಿ ಹರಿಯುವುದೂ ಅದೇ ಆಕ್ಸಿಟೋಸಿನ್. ಅಷ್ಟಕ್ಕೆ ಅವರ ಪ್ರೀತಿಯನ್ನು ಬರೀ ಹಾರ್ಮೋನು ಎಂದು ಯಾರಾದರೂ ತಳ್ಳಿಹಾಕುತ್ತಾರೆಯೇ? ಭಾವನೆ ಯಾವ ದಾರಿಯಲ್ಲಿ ಹುಟ್ಟುತ್ತದೆ ಎಂದು ವಿವರಿಸಿದ ಮಾತ್ರಕ್ಕೆ ಭಾವನೆ ಇಲ್ಲವಾಗುವುದಿಲ್ಲ.

ಮಗ ಕಲಿತಿರುವ ಎಚ್ಚರಿಕೆಗೂ ಒಂದು ಚರಿತ್ರೆಯಿದೆ, ಅದನ್ನು ನಾನು ಗೌರವಿಸುತ್ತೇನೆ. ಸರಳವಾದ ಕಾರಣ ಸಾಕಾಗುವ ಕಡೆ ಪ್ರಾಣಿಗೆ ದೊಡ್ಡ ಬುದ್ಧಿಯನ್ನು ಆರೋಪಿಸಬೇಡಿ ಎಂದು ಬ್ರಿಟಿಷ್ ಮನಶ್ಶಾಸ್ತ್ರಜ್ಞ ಲಾಯ್ಡ್ ಮಾರ್ಗನ್ 1894ರಲ್ಲಿ ಬರೆದ. ಹತ್ತು ಹದಿನೈದು ವರ್ಷದೊಳಗೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಅದಕ್ಕೆ ಸಾಕ್ಷಿಯಾಯಿತು. ಅದು ಗೊರಸು ಬಡಿದು ಲೆಕ್ಕ ಬಿಡಿಸುತ್ತದೆ ಎಂದು ಊರೇ ನಂಬಿತ್ತು. 1907ರಲ್ಲಿ ಓಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿ ನೋಡಿದರೆ, ಸರಿ ಉತ್ತರ ಬರುವ ಹೊತ್ತಿಗೆ ಪ್ರಶ್ನೆ ಕೇಳಿದವರ ತಲೆ, ಮುಖ ತಮಗೇ ಅರಿವಿಲ್ಲದೆ ಕೊಂಚ ಅಲುಗುತ್ತಿತ್ತು, ಕುದುರೆ ಅದನ್ನು ಕಂಡು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಅಲ್ಲಿಂದ ಮುಂದೆ ವಿಜ್ಞಾನಿಗಳು ಬಹಳ ಕಾಲ ಪ್ರಾಣಿಯ ಮನಸ್ಸಿನ ಮಾತೆತ್ತಲೇ ಹೆದರಿದರು. ಆ ಹೆದರಿಕೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಮನುಷ್ಯನಿಗೂ ಪ್ರಾಣಿಗೂ ಇರುವ ಹೋಲಿಕೆಯನ್ನು ಕಂಡೂ ಕಾಣದಂತೆ ಇರುವುದೂ ತಪ್ಪೇ ಎಂದು ವಾನರಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಫ್ರಾನ್ಸ್ ಡಿ ವಾಲ್ ಜೀವನವಿಡೀ ವಾದಿಸಿದರು.

ಹಾಗಾದರೆ ಒಳಗಿನ ದುಃಖವನ್ನು ಪರೀಕ್ಷಿಸುವುದು ಹೇಗೆ? ಒಂದು ಜಾಣ ಉಪಾಯವನ್ನು 2004ರಲ್ಲಿ ಇಲಿಗಳ ಮೇಲೆ ಮೊದಲು ಪ್ರಯೋಗಿಸಿದರು. 2014ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಅದನ್ನೇ ಕರುಗಳ ಮೇಲೆ ಮಾಡಿತು. ಪರದೆಯ ಮೇಲೆ ಕೆಂಪು ಮತ್ತು ಬಿಳಿ ಬಣ್ಣ ಬರುತ್ತದೆ. ಒಂದು ಬಣ್ಣ ಬಂದಾಗ ಮುಟ್ಟಿದರೆ ಹಾಲು, ಇನ್ನೊಂದು ಬಂದಾಗ ಮುಟ್ಟಿದರೆ ಹಾಲಿಲ್ಲ, ಮೇಲೆ ಸ್ವಲ್ಪ ಹೊತ್ತು ಕಾಯುವ ಶಿಕ್ಷೆ. ಕರುಗಳು ಇದನ್ನು ಚೆನ್ನಾಗಿ ಕಲಿತವು. ಆಮೇಲೆ ಎರಡರ ನಡುವಿನ ಬಣ್ಣಗಳನ್ನು ತೋರಿಸಿದರು. ನೆಮ್ಮದಿಯಲ್ಲಿದ್ದ ಕರು ಹಾಲು ಸಿಕ್ಕೀತು ಎಂದು ಮುಂದೆ ಹೋಗುತ್ತಿತ್ತು. ತಾಯಿಯಿಂದ ಅಗಲಿಸಿದ ಮೇಲೆ ಅದೇ ಕರು ಅದೇ ಬಣ್ಣ ಕಂಡು ಹಿಂಜರಿಯಿತು. ಕೊಂಬಿನ ಮೊಳಕೆಯನ್ನು ಬಿಸಿ ಕಬ್ಬಿಣದಿಂದ ಸುಟ್ಟ ಮೇಲೆ ಕಂಡ ಹಿಂಜರಿಕೆಯೂ ಇದರಂತೆಯೇ ಇತ್ತು. ಅಗಲಿಕೆಯ ನೋವು ಸುಟ್ಟ ಗಾಯದ ನೋವಿನ ಹಾಗೆಯೇ ಮನಸ್ಸನ್ನು ಕಪ್ಪಾಗಿಸಿತು ಎಂದರ್ಥ. ಇದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಎಷ್ಟು ಕರುಗಳ ಕೊಂಬನ್ನು ನಾನೇ ಸುಟ್ಟಿದ್ದೇನೆ!

ಹಿಂದೆ ನಮ್ಮ ಕಡೆ ಕರು ಸತ್ತರೆ ಅದರ ಚರ್ಮಕ್ಕೆ ಬೈಹುಲ್ಲು ತುಂಬಿ ದನದ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದರು. ದನ ಅದನ್ನು ನೆಕ್ಕುತ್ತಿತ್ತು. ಇದನ್ನು ನೋಡಿ ದನಕ್ಕೆ ಬುದ್ಧಿಯಿಲ್ಲ ಎನ್ನುವವರಿದ್ದಾರೆ. ಹಾಗಲ್ಲ, ದನ ತನ್ನ ಕರುವನ್ನು ಮುಖ್ಯವಾಗಿ ಗುರುತಿಸುವುದು ಮೂಗಿನಿಂದ. ಆ ಚರ್ಮದಲ್ಲಿ ಅದರ ಕರುವಿನದೇ ವಾಸನೆ ಇತ್ತು.

ನೀವು ಕೇಳದಿದ್ದರೂ ಎರಡು ಮಾತು ಹೇಳಿಬಿಡುತ್ತೇನೆ. ಕೂಗುವ ದನದ ಕೆಚ್ಚಲನ್ನು ಮೊದಲು ಮುಟ್ಟಿ ನೋಡಿ. ಕುಡಿಯುವ ಕರು ಹೋದ ಮೇಲೆ ಹಾಲು ತುಂಬಿ ಗಟ್ಟಿಯಾಗಿದ್ದರೆ, ಬಿಸಿಯಾಗಿದ್ದರೆ, ಅದು ಮೈನೋವಿನ ಕೂಗೂ ಹೌದು. ಕೆಚ್ಚಲು ಬಾವು ಬರುವ ಮೊದಲೇ ಡಾಕ್ಟರಿಗೆ ತೋರಿಸಿ. ಮುಂದಿನ ಸಲ ಕರುವನ್ನು ಕೊಡುವುದಿದ್ದರೆ ಕೆಲವು ದಿನ ಮೊದಲೇ ಮೊಲೆ ಬಿಡಿಸಿ, ಆದರೆ ತಾಯಿಯ ಪಕ್ಕದಲ್ಲೇ ಇರಿಸಿ. ನೆಕ್ಕಲಿ, ಮೂಸಲಿ, ಮೊಲೆಗೆ ಬಾಯಿ ಹಾಕದಂತೆ ಕರುವಿನ ಮೂತಿಗೆ ಕುಕ್ಕೆ ಕಟ್ಟಿ. ಹುಲ್ಲು, ನೀರಿನ ಹೊತ್ತಿಗೆ ಅದನ್ನು ಬಿಚ್ಚಿ. ಹಾಲೂ ತಾಯಿಯೂ ಒಂದೇ ದಿನ ಕೈತಪ್ಪದಂತೆ ಎರಡು ಹಂತದಲ್ಲಿ ಬಿಡಿಸಿದರೆ ಕೂಗೂ ಅಲೆದಾಟವೂ ಬಹಳ ಕಡಿಮೆ ಎಂದು ಕೆನಡಾದ ಸಸ್ಕಾಚುವಾನ್‌ನಲ್ಲಿ ನಡೆದ ಅಧ್ಯಯನ ತೋರಿಸಿದೆ.

ಪ್ರಶ್ನೆ: ಅಂಗಳದಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳವನ್ನು ನಮ್ಮ ನಾಯಿ ತುಳಿದು ತಿನ್ನುತ್ತದೆ. ನಾನು ಹೊರಗೆ ಬಂದರೆ ತಲೆ ತಗ್ಗಿಸಿ, ಬಾಲ ಮಡಚಿ ಮೂಲೆಗೆ ಸರಿಯುತ್ತದೆ. ತಪ್ಪು ಗೊತ್ತಿದ್ದೂ ಮಾಡುತ್ತದಲ್ಲ, ಯಾಕೆ? (ಕುಂಬಳೆಯ ಗೃಹಿಣಿ)

ಉತ್ತರ: ಅಕ್ಕ, ಅದಕ್ಕೆ ಗೊತ್ತಿರುವುದು ನಿಮ್ಮ ಮುಖ, ಹಪ್ಪಳದ ತಪ್ಪಲ್ಲ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿ ಯಜಮಾನರು ಹೊರಗೆ ಹೋಗಬೇಕು. ಮರಳಿ ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂದು ಅವರಿಗೆ ತಿಳಿಸುತ್ತಾರೆ, ಕೆಲವು ಸಲ ಬೇಕೆಂದೇ ಸುಳ್ಳು ಹೇಳುತ್ತಾರೆ. ನಾಯಿ ತಲೆ ತಗ್ಗಿಸಿದ್ದು ತಿಂದಾಗ ಅಲ್ಲ, ಬೈಸಿಕೊಂಡಾಗ. ಏನೂ ತಿನ್ನದೆ ಬೈಸಿಕೊಂಡ ನಾಯಿಯೇ ಎಲ್ಲಕ್ಕಿಂತ ಹೆಚ್ಚು ಕುಗ್ಗಿತು.

ಹಾಗೆಂದು ಆ ತಗ್ಗಿದ ತಲೆ ನಾಟಕವಲ್ಲ. ಅದು ಹೆದರಿಕೆ, ನಿಜವಾದ ಹೆದರಿಕೆ, 'ನನ್ನ ಮೇಲೆ ಸಿಟ್ಟಾಗಬೇಡ' ಎಂಬ ಬೇಡಿಕೆ. ಗಂಟೆ ಕಳೆದು ಬೈದರೆ ಹಪ್ಪಳಕ್ಕೂ ಬೈಗುಳಕ್ಕೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ನೀವು ಒಳಗಿಂದ ಬಂದರೆ ಭಯ ಎಂದಷ್ಟೇ ಕಲಿಯುತ್ತದೆ. ಹಪ್ಪಳವನ್ನು ತಾರಸಿಯ ಮೇಲೆ ಹಾಕಿ. ನಾಯಿ ಚಾಪೆಯಿಂದ ದೂರ ಮಲಗಿದಾಗ ಒಂದು ತುಂಡು ತಿಂಡಿ ಕೊಡಿ.

ಪ್ರಶ್ನೆ: ತೋಟಕ್ಕೆ ನಾನು ಹೋದರೆ ಮಂಗಗಳು ಅಲ್ಲೇ ಕೂರುತ್ತವೆ, ಯಜಮಾನರು ಹೋದರೆ ಓಡುತ್ತವೆ. ಗುರುತು ಹಿಡಿಯುತ್ತವೆಯೇ? (ದೇಲಂಪಾಡಿ)

ಉತ್ತರ: ಹಿಡಿಯುತ್ತವೆ. ಯಾರು ಕಲ್ಲು ಬೀರುತ್ತಾರೆ, ಯಾರು ಸುಮ್ಮನೆ ಕೂಗುತ್ತಾರೆ ಎಂಬುದು ಅವಕ್ಕೆ ಬೇಗ ಗೊತ್ತಾಗುತ್ತದೆ. ನಮ್ಮಲ್ಲಿ ಕಾಣುವ ಇದೇ ಜಾತಿಯ ಮಂಗಗಳು ಬಂಡೀಪುರದಲ್ಲಿ ಜನರ ಕಡೆ ನೋಡುತ್ತ ಕೂಗಿ, ಕೈ ಚಾಚಿ ತಿಂಡಿ ಕೇಳುವುದನ್ನು ಬೆಂಗಳೂರಿನ ಸಂಶೋಧಕ ಅನಿಂದ್ಯ ಸಿನ್ಹಾ ಮತ್ತು ಜತೆಗಾರರು 2018ರಲ್ಲಿ ವರದಿ ಮಾಡಿದರು. ತಿಂಡಿ ಕೈಗೆ ಬಂದರೆ ಕೇಳುವುದು ನಿಲ್ಲುತ್ತದೆ, ಅಂದರೆ ಅದು ಉದ್ದೇಶವಿಟ್ಟು ಮಾಡಿದ ಸನ್ನೆ. ಹಾಗಾಗಿ ಒಬ್ಬರು ಓಡಿಸಿ ಇನ್ನೊಬ್ಬರು ಬಾಳೆಹಣ್ಣು ಕೊಡುವ ಮನೆಗೆ ಅವು ಬರುತ್ತಲೇ ಇರುತ್ತವೆ.

ಪ್ರಶ್ನೆ: ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ನೈವೇದ್ಯವನ್ನೇ ತಿಂದು ಬದುಕಿತು. ಮೊಸಳೆಗೆ ಭಕ್ತಿ ಇರಬಹುದೇ? (ಸೀತಾಂಗೋಳಿಯ ವಿದ್ಯಾರ್ಥಿನಿ)

ಉತ್ತರ: 2022ರ ಅಕ್ಟೋಬರ್ 9ರಂದು ಬಬಿಯಾ ತೀರಿಕೊಂಡಾಗ ಕೊನೆಯ ದರ್ಶನಕ್ಕೆ ಜನ ಸಾಲುಗಟ್ಟಿದ್ದರು. ಆ ಪ್ರೀತಿಯನ್ನು ಅಳೆಯುವುದು ನನ್ನ ಕೆಲಸವಲ್ಲ. ಭಕ್ತಿ ಇತ್ತೇ ಎಂಬುದಕ್ಕೆ ಪರೀಕ್ಷೆಯೂ ಇಲ್ಲ. ಪರೀಕ್ಷೆಗೆ ಸಿಗುವುದು ಕಲಿಕೆ. ಪ್ರತಿದಿನ ಅದೇ ಹೊತ್ತಿಗೆ ಅದೇ ದನಿ ಕರೆದು ಅನ್ನ ಕೊಟ್ಟರೆ ಮೊಸಳೆ ಆ ದನಿಯನ್ನು ಕಲಿಯುತ್ತದೆ. ಹೆಸರು ಕರೆದರೆ ಬರುವಂತೆ ಮೃಗಾಲಯಗಳಲ್ಲಿ ಮೊಸಳೆಗಳನ್ನು ಪಳಗಿಸಿದ್ದಾರೆ. ಕೆರೆಯಲ್ಲಿ ಮೀನಿತ್ತು. ತಣ್ಣನೆ ರಕ್ತದ ಪ್ರಾಣಿಯಾದ್ದರಿಂದ ಅದಕ್ಕೆ ಬೇಕಾದ ಆಹಾರವೂ ಕಡಿಮೆ.

ಬಬಿಯಾನ ಜಾತಿಯದೇ ಮೊಸಳೆಗಳು ಮದ್ರಾಸು ಕ್ರೊಕೊಡೈಲ್ ಬ್ಯಾಂಕಿನಲ್ಲಿ ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು ಅಲುಗಾಡದೆ ಕಾಯುವುದನ್ನು ವ್ಲಾದಿಮಿರ್ ಡಿನೆಟ್ಸ್ ಮತ್ತು ಜತೆಗಾರರು 2013ರಲ್ಲಿ ಬರೆದರು. ಬೆಳ್ಳಕ್ಕಿ ಗೂಡಿಗೆ ಕಡ್ಡಿ ಹುಡುಕಿಕೊಂಡು ಬಂದರೆ ಬೇಟೆ. ಅಮೆರಿಕದ ಅಲಿಗೇಟರುಗಳ ಬಗೆಗೂ ಅವರು ಹೀಗೇ ಹೇಳಿದ್ದರು, ಆದರೆ ಬೇರೆಯವರು ಮಾಡಿದ ಪ್ರಯೋಗದಲ್ಲಿ ಅದಕ್ಕೆ ಬಲ ಸಿಗಲಿಲ್ಲ. ಅದಕ್ಕೇ ನಾನಿದನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ತಾಯಿಮೊಸಳೆ ಮೊಟ್ಟೆಯೊಳಗಿನ ಮರಿಯ ದನಿ ಕೇಳಿ ಗೂಡು ಅಗೆದು, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಬಿಡುವುದರಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ.

2023ರ ನವೆಂಬರಿನಲ್ಲಿ ಅನಂತಪುರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದನ್ನು ನೋಡಲು ಹೋದರೆ ನೀರಿನ ಅಂಚಿನಿಂದ ದೂರ ನಿಂತು ನೋಡು ಮಗಳೇ. ಬಬಿಯಾ ಹಲವು ದಶಕ ಜನರ ನಡುವೆ ಬೆಳೆದು ಅಭ್ಯಾಸವಾಗಿದ್ದ ಮೊಸಳೆ. ಹೊಸದಕ್ಕೆ ಆ ಅಭ್ಯಾಸವಿಲ್ಲ.