ಮಾಡೆಲ್ ಜೆಟ್ ನೆಲದಲ್ಲಿ ನೆಟ್ಟಗೆ ಓಡುತ್ತಿಲ್ಲ, ಏನು ಮಾಡಲಿ?

ಉಡುಪಿ ಕಡೆಯ ಮೈದಾನದಲ್ಲಿ ನಿಮ್ಮ ಫೋಮ್ ಜೆಟ್ ವೇಗ ಹಿಡಿಯುತ್ತಲೇ ಅಡ್ಡಾದಿಡ್ಡಿ ಓಡುತ್ತದೆ ಅಂದಿದ್ದೀರಿ. ಮೊದಲು ಮೂತಿಯ ಚಕ್ರ ನೋಡಿ. ಸಾಮಾನ್ಯವಾಗಿ ಅದು ಎಡಕ್ಕೆ-ಬಲಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತಿರುತ್ತದೆ. ಸರ್ವೋ ಆರ್ಮ್‌ನ (ಚಕ್ರ ತಿರುಗಿಸುವ ಪುಟ್ಟ ಮೋಟಾರಿನ ತೋಳು) ಒಳಗಿನ ತೂತಿಗೆ ಚಕ್ರಕ್ಕೆ ಹೋಗುವ ಕಡ್ಡಿ ಹಾಕಿ, ರಿಮೋಟ್‌ನಲ್ಲಿ ಎಕ್ಸ್‌ಪೋ ಕೊಡಿ, ಅಂದರೆ ಸ್ಟಿಕ್ ಸ್ವಲ್ಪ ಅಲುಗಿಸಿದಾಗ ಚಕ್ರ ಕಮ್ಮಿ ತಿರುಗುವ ಸೆಟ್ಟಿಂಗ್. ಕಡ್ಡಿಯೇ ಸಡಿಲ ಇದ್ದರೆ ಯಾವ ಸೆಟ್ಟಿಂಗೂ ಪ್ರಯೋಜನಕ್ಕಿಲ್ಲ.

ಹಿಂದಿನ ಎರಡು ಚಕ್ರಗಳು ನೇರ ಇರಲಿ, ಇಲ್ಲವೇ ಅವುಗಳ ಮುಂಭಾಗ ಕೂದಲೆಳೆಯಷ್ಟು ಒಳಕ್ಕೆ ತಿರುಗಿರಲಿ. ಅವು ಸಿಜಿಗಿಂತ (ವಿಮಾನದ ತೂಕ ಸಮತೋಲದಲ್ಲಿ ನಿಲ್ಲುವ ಜಾಗ) ಸ್ವಲ್ಪವೇ ಹಿಂದೆ ಇರಬೇಕು. ತೀರಾ ಹಿಂದಿದ್ದರೆ ಭಾರವೆಲ್ಲ ಮೂತಿಯ ಚಕ್ರಕ್ಕೆ ಬಿದ್ದು, ಎಲಿವೇಟರ್ (ಮೂತಿ ಏಳಿಸುವ ಬಾಲದ ಪಟ್ಟಿ) ಎಷ್ಟು ಎಳೆದರೂ ಮೂತಿ ಏಳುವುದಿಲ್ಲ. ನಿಂತಾಗ ಮೂತಿ ಒಂದೆರಡು ಡಿಗ್ರಿ ಮೇಲಿದ್ದರೆ ಟೇಕಾಫ್ ಸಲೀಸು.

ಇನ್ನು ನಮ್ಮ ಕರಾವಳಿಯ ನೆಲ! ಮುರಕಲ್ಲು, ಮಳೆ ಮುಗಿದ ಮೇಲೆ ದಪ್ಪ ಹುಲ್ಲು. ಕಿಟ್ ಜೊತೆ ಬರುವ ಪುಟ್ಟ ಚಕ್ರ ಡಾಂಬರಿಗೆ ಸರಿ, ಇಲ್ಲಿಗಲ್ಲ. ಚಕ್ರ ಮಡಚಿ ಕೂರುವ ಗೂಡಿನಲ್ಲಿ ಹಿಡಿಯುವಷ್ಟು ದೊಡ್ಡ ಚಕ್ರ ಹಾಕಿ. ಟ್ರೇಲಿಂಗ್ ಲಿಂಕ್ ಕಾಲು (ಕೀಲಿರುವ ತೋಳಿಗೆ ಚಕ್ರ ಸಿಕ್ಕಿಸಿದ ಕಾಲು) ಸಿಕ್ಕರೆ ಇನ್ನೂ ಒಳ್ಳೆಯದು. ಚಕ್ರ ಹಿಂದಕ್ಕೆ, ಮೇಲಕ್ಕೆ ಸರಿದು ಪೆಟ್ಟು ನುಂಗುತ್ತದೆ. ನನ್ನ ಜೆಟ್‌ನಲ್ಲಿ ರಿಟ್ರಾಕ್ಟ್ (ಕಾಲು ಒಳಕ್ಕೆ ಮಡಚುವ ಭಾಗ) ಬುಡಸಮೇತ ಕಿತ್ತು ಬಂದಿತ್ತು. ಫೋಮ್ ಒಳಗೆ ಅಗಲದ ಪ್ಲೈವುಡ್ ತುಂಡು ಇಟ್ಟು ಎಪಾಕ್ಸಿ ಹಾಕಿದ ಮೇಲೆ ಗಟ್ಟಿಯಾಗಿದೆ.

ಜೈರೋ? ವಿಮಾನ ಅಡ್ಡ ಸರಿದರೆ ತಾನೇ ತಿದ್ದುವ ಆ ಸಾಧನವನ್ನು ಇದೆಲ್ಲ ಸರಿ ಮಾಡಿದ ಮೇಲೆ ಹಾಕಿ. ಅದು ತಿದ್ದುವ ದಿಕ್ಕು ಉಲ್ಟಾ ಇದ್ದರೆ ಜೆಟ್ ಸೀದಾ ಪೊದೆಗೆ, ಅಲ್ವಾ? ಹಾಂ, ಉಪ್ಪು ಗಾಳಿಗೆ ಸ್ಟೀಲ್ ಕಡ್ಡಿ ಬೇಗ ತುಕ್ಕು ಹಿಡಿಯುತ್ತದೆ. ಹಾರಿಸಿ ಬಂದ ಮೇಲೆ ಸ್ವಲ್ಪ ಎಣ್ಣೆ ಒರೆಸಿಡಿ.