ಸಾಸ್‌ಗೆ ಸೋರ್ಸ್ ಪ್ರಾಸ ಆಗತೈತೇನು?

ಕಾಲೇಜಿನ ಗ್ಯಾದರಿಂಗ್‌ಗೆ ಇಂಗ್ಲಿಷ್ ರಾಪ್ ಬರ್ಯಾಕತ್ತೇನಿ, ರೈಮಿಂಗ್ ಆಪ್ 'ಸಾಸ್'ಗೆ 'ಸೋರ್ಸ್' ಪ್ರಾಸ ಅಂತ ತೋರಸ್ತೈತಿ, ನಮ್ಮ ಬಾಯಾಗ ಅದು ಕೂಡವಲ್ದು, ತಪ್ಪು ಯಾರದು ಅಂತ ಕೇಳೀರಿ. ಯಾರದೂ ತಪ್ಪಿಲ್ರಿ. ಆಪ್‌ನಾಗ ಇರೋದು ಲಂಡನ್ ಕಡೆ ಉಚ್ಚಾರ, ನಿಮ್ಮದು ಹುಬ್ಬಳ್ಳಿದು, ಅಷ್ಟ.

ಇಂಗ್ಲೆಂಡಿನ ದಕ್ಷಿಣದ ಮಂದಿ 'ರ್' ಆದಮ್ಯಾಲ ಸ್ವರ ಇದ್ರ ಅಷ್ಟ ಅದನ್ನ ಹೇಳತಾರ, ಇಲ್ಲಂದ್ರ ನುಂಗಿಬಿಡತಾರ. ಹಿಂಗಾಗಿ ಸೋರ್ಸ್ ಹೋಗಿ ಸೋಸ್ ಆಗತೈತಿ, ಇನ್ನ ಸಾಸ್‌ನ್ನೂ ಅವರು ತುಟಿ ದುಂಡ ಮಾಡಿ ಹೆಚ್ಚುಕಡಿಮಿ ಸೋಸ್ ಅಂತನ ಅಂತಾರ, ಎರಡೂ ಒಂದ ಸಪ್ಪಳ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ಭಾಳಷ್ಟು ಕಡೆ ಆ 'ರ್' ಗಟ್ಟಿ ಉಳದೈತಿ, ಅಲ್ಲೆ ಈ ಜೋಡಿ ಕೂಡಂಗಿಲ್ಲ. ನಾವೂ 'ರ್' ಬಿಡೋ ಮಂದಿ ಅಲ್ಲ, ಆಟೋದವಗ ಕೋರ್ಟ್ ಸರ್ಕಲ್ ಅಂತ ಹೇಳಿ ನೋಡ್ರಿ, ಎರಡೂ 'ರ್' ಕಿವಿಗೆ ಬೀಳತಾವ.

ನನಗ ಇದಕ್ಕಿಂತ ಛಲೋ ಅನಸೋದು ಪಾಸ್ ಮತ್ತ ಗ್ಯಾಸ್. ನಾವು ಬಸ್ ಪಾಸ್ ಅಂತೀವಿ, ಕ್ಲಾಸ್ ಅಂತೀವಿ, ಆದ್ರ ಸಿಲಿಂಡರ್ ಬಂತಂದ್ರ ಗ್ಯಾಸ್ ಅಂತೀವಿ. ಇದು ನಾವು ಮಾಡಿದ್ದಲ್ಲ, ಪಾಸ್ ಕ್ಲಾಸ್ ಎರಡೂ 'ಆ' ಕಡೆ ಎಳದು ಗ್ಯಾಸ್ ಹಂಗ ಬಿಟ್ಟಿದ್ದು ಇಂಗ್ಲೆಂಡಿನ ದಕ್ಷಿಣದವರು, ನಮ್ಮ ಸಾಲಿಗೆ ಬಂದಿದ್ದು ಅದ ಇಂಗ್ಲಿಷ್. ಅಮೆರಿಕದವರ ಬಾಯಾಗ, ಇಂಗ್ಲೆಂಡದಾಗನ ಉತ್ತರಕ್ಕ ಇರೋ ಲೀಡ್ಸ್, ಮ್ಯಾಂಚೆಸ್ಟರ್ ಕಡೆ, ಪಾಸ್ ಗ್ಯಾಸ್ ಒಂದಕ್ಕೊಂದು ಸರಿಯಾಗಿ ಕೂಡತಾವ. ಆ ಉತ್ತರದ ಮಂದಿ ಬ್ಲಡ್‌ಗೂ 'ಬ್ಲುಡ್' ಅಂತಾರ, ಹಂಗಾಗಿ ಅದು ಗುಡ್ ಜೋಡಿನೂ ಪ್ರಾಸ ಆಗತೈತಿ.

ಕಾಲ ಬದಲಾದ್ರೂ ಇದ ಕಥಿ. 1714ರಾಗ ಅಲೆಕ್ಸಾಂಡರ್ ಪೋಪ್ ಅನ್ನೋ ಕವಿ 'ಒಬೇ' ಅನ್ನೋ ಶಬ್ದಕ್ಕ 'ಟೀ' ಪ್ರಾಸ ಮಾಡ್ಯಾನ, ಯಾಕಂದ್ರ ಆವಾಗ ಅದನ್ನ ಟೇ ಅಂತಿದ್ರು.

ನಮ್ಮ ಕನ್ನಡದಾಗೂ ನೋಡ್ರಿ, ನಾವು 'ಮನಿ'ಗೆ 'ದನಿ' ಅಂತ ಬರದ್ರ ಏನ್ ಚಂದ ಕೂಡತೈತಿ, ಅದನ್ನ ಬೆಂಗಳೂರಿನವರು 'ಮನೆ' ಅಂತ ಓದಿದ್ರ ಪ್ರಾಸ ಹೋತು. ಬರದಾಂವ ಏನೂ ತಪ್ಪು ಮಾಡಿಲ್ಲ, ಓದೋ ಬಾಯಿ ಬ್ಯಾರೆ ಆತು.

ನಿಮ್ಮ ರಾಪ್ ಕೇಳೋರು ಹುಬ್ಬಳ್ಳಿ ಹುಡುಗರು, ಹೇಳೋರು ನೀವು, ಹಂಗಾಗಿ ಸಾಸ್-ಸೋರ್ಸ್ ತಗದು ಒಗೀರಿ. ರೋಸ್-ಡೋಸ್ ಧೈರ್ಯದಿಂದ ಇಡ್ರಿ, ಇಂಗ್ಲೆಂಡ್ ಅಮೆರಿಕ ಎರಡೂ ಕಡೆ ರೋಸ್‌ನ ಕಡೀಗೆ 'ಝ್' ಬರತೈತಿ, ಡೋಸ್‌ಗೆ 'ಸ್', ಅವರ ಲೆಕ್ಕದಾಗ ಅದು ಪ್ರಾಸ ಅಲ್ಲ, ಆದ್ರ ನಮ್ಮ ಸ್ಟೇಜ್ ಮ್ಯಾಲ ಪಕ್ಕಾ ಕೂಡತೈತಿ. ವಿಡಿಯೋ ಮಾಡಿ ಹೊರಗಿನ ಮಂದಿಗೂ ಬಿಡೋದಿದ್ರ ಮಾತ್ರ ನೈಟ್-ಲೈಟ್, ಕಿಂಗ್-ಸಿಂಗ್, ಡೇ-ವೇ ಇಂಥಾವು ಹಿಡೀರಿ, ಇವು ಎಲ್ಲೆ ಹೋದ್ರೂ ಕೂಡತಾವ. ಅನುಮಾನ ಬಂದ ಶಬ್ದ ಇದ್ರ ಕೇಂಬ್ರಿಡ್ಜ್ ಆನ್‌ಲೈನ್ ಡಿಕ್ಷನರಿ ತಗೀರಿ, ಅದರಾಗ ಬ್ರಿಟಿಷ್ ಒಂದು ಅಮೆರಿಕನ್ ಒಂದು ಎರಡು ಸ್ಪೀಕರ್ ಗುರುತು ಇರತಾವ, ಎರಡೂ ಒತ್ತಿ ಕೇಳ್ರಿ, ಸ್ಪೆಲ್ಲಿಂಗ್ ನೋಡಬ್ಯಾಡ್ರಿ.